ಕಡಪ ಕಲ್ಲಿನ ಪುರಾಣ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಎರಡು ಕುಲದ ಕಲ್ಲುಗಳು ಒಂದೇ ಸೂರಿನಡಿ ಬಾಳುತ್ತಿವೆ. ಜಗಲಿಯ ಕಂಬ, ಬಾವಿಕಟ್ಟೆ, ಒರಳು ಇವೆಲ್ಲ ಊರಿನ ಕಲ್ಲು. ಕಹಳೆ ಬಂಡೆಯ ಬಳಗ. ಅಡುಗೆಮನೆ ಕಟ್ಟೆಯ ಕರಿಯ ಕಡಪ ಚಪ್ಪಡಿ, ನಡುಮನೆಯ ಶಹಾಬಾದ್ ಹಾಸುಗಲ್ಲು ಇವು ಪರಸ್ಥಳದಿಂದ ಬಂದವು. ಊರಿನ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದು ನೆಲದಾಳದ ಬೇಗೆಯಲ್ಲಿ ಬೆಂದು ಗಟ್ಟಿಯಾದದ್ದು. ನೆಂಟರ ಕಲ್ಲಾದರೋ ನೀರಿನಡಿಯಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರು.

ಇಂಥ ಕೆಸರು ಕೂಡಿದ ನೆಲದ ಬೋಗುಣಿಗಳು ದಕ್ಷಿಣದಲ್ಲಿ ಹಲವು ಇವೆ: ಕಡಪ, ಕಲಬುರಗಿ ಕಡೆಯ ಭೀಮಾ, ಬಾಗಲಕೋಟೆ ಕಡೆಯ ಕಲಾದಗಿ. ಕಳೆದ ಶತಮಾನದ ಮೊದಲ ದಶಕದಲ್ಲಿ ಥಾಮಸ್ ಹಾಲೆಂಡ್ ಎಂಬ ಆಂಗ್ಲ ಭೂವಿಜ್ಞಾನಿ ಈ ಪದರಗಳಿಗೆ ‘ಪುರಾಣ’ ಎಂದು ಹೆಸರಿಟ್ಟರು. ಆ ಹೆಸರು ಇಂದಿಗೂ ನಿಂತಿದೆ. ನಾನು ಇತಿಹಾಸದ ಓದುಗನೇ ಹೊರತು ಭೂಗರ್ಭಶಾಸ್ತ್ರಜ್ಞನಲ್ಲ. ಆದರೆ ಪುರಾಣದಿಂದ ಇತಿಹಾಸವನ್ನು ಹೆಕ್ಕುವ ಕಷ್ಟ ನನಗೆ ಪರಿಚಿತ. ಅದಕ್ಕೇ ಈ ಕಥೆ ನನ್ನನ್ನು ಸೆಳೆಯಿತು.

ಕಲಾದಗಿಯ ಕಲ್ಲುಗಳನ್ನು ಮೊದಲು ಕ್ರಮವಾಗಿ ಓದಿದವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ನಮ್ಮ ಉತ್ತರ ಕರ್ನಾಟಕವನ್ನು ಸುತ್ತಿ ಅವರು ಬರೆದ ವರದಿ 1876ರಲ್ಲಿ ಅಚ್ಚಾಯಿತು. ಮುಂದೆ 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಅದೇ ಇಲಾಖೆಯಲ್ಲಿ ಬೆಳೆದ ಬಿ. ಪಿ. ರಾಧಾಕೃಷ್ಣ ಅವರು 1958ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘದ ಬೆನ್ನೆಲುಬಾಗಿದ್ದರು. ಬಸವನಗುಡಿಗೆ ಅಂಟಿದಂತಿರುವ ಗವಿಪುರದ ವಿಳಾಸದಿಂದ ಆ ಸಂಘದ ಪತ್ರಿಕೆ ದಶಕಗಳ ಕಾಲ ಹೊರಟಿತು. ಪುರಾಣ ಬೋಗುಣಿಗಳನ್ನು ಕುರಿತ ದೊಡ್ಡ ಗ್ರಂಥವೊಂದನ್ನು ರಾಧಾಕೃಷ್ಣ ಅವರೇ ಸಂಪಾದಿಸಿ 1987ರಲ್ಲಿ ಹೊರತಂದರು.

ಕಲಾದಗಿಯ ವೈಚಿತ್ರ್ಯ ಇದು: ಕೆಳಗಿನ ಬಾಗಲಕೋಟೆ ಪದರಗಳು ಮಡಿಚಿದ ಜಮಖಾನೆಯಂತೆ ಮಡಿಕೆಬಿದ್ದಿವೆ. ಅವುಗಳ ಮೇಲೆ ಬಾದಾಮಿಯ ಮರಳುಗಲ್ಲು ಹೆಚ್ಚುಕಡಮೆ ಮಟ್ಟಸವಾಗಿ ಕುಳಿತಿದೆ. ಚಾಲುಕ್ಯರು 578ರ ಶಾಸನವಿರುವ ಮೂರನೆಯ ಗುಹೆಯನ್ನು ಕೊರೆದದ್ದು ಈ ಮೇಲಿನ ಕಲ್ಲಿನಲ್ಲಿ. ಮೊದಲ ಪದರಗಳು ಮಡಿಚಿ, ಸವೆದು ಹೋದ ಬಳಿಕವೇ ಎರಡನೆಯವು ಬಂದವು. ನಡುವಿನ ಪುಟಗಳು ಹರಿದು ಹೋಗಿವೆ. ಹಾಗಾದರೆ ಕೆಳಗಿನವು ಮಡಿಚಿದ್ದು ಹೇಗೆ?

ಇಲ್ಲಿ ಗಣಿತ ಪ್ರವೇಶಿಸುತ್ತದೆ. ಬಟ್ಟೆಯಲ್ಲಿ ಕಟ್ಟಿದ ಮೊಸರಿನ ಮೇಲೆ ಗುಂಡುಕಲ್ಲು ಇಟ್ಟರೆ ಮೊದಲು ಭಾರ ಹೊರುವುದು ನೀರು. ನೀರು ಸೋರಿದಂತೆಲ್ಲ ಭಾರ ಗಟ್ಟಿಗೆ ವರ್ಗವಾಗುತ್ತದೆ. ಜೇಡಿಮಣ್ಣಿಗೂ ಇದೇ ನಿಯಮವೆಂದು ತೋರಿಸಿ ಅದನ್ನು ಸಮೀಕರಣಕ್ಕೆ ಇಳಿಸಿದವರು ಕಾರ್ಲ್ ಟರ್ಜಾಗಿ. ಅವರ ಗ್ರಂಥ 1925ರದು. ಆಳ ಹೆಚ್ಚಿದಂತೆ ಜೇಡುಗಲ್ಲಿನ ಸಂದುಗಳು ಹೇಗೆ ಕುಗ್ಗುತ್ತವೆಂದು ಅಮೆರಿಕದ ಆತಿ 1930ರಲ್ಲಿ ಅಳೆದರು. ಲೆಕ್ಕ ಸರಳ. ನೂರು ಅಡಿ ಕೆಸರಿನಲ್ಲಿ 70 ಪಾಲು ನೀರಿದ್ದು, ಕೊನೆಗೆ ಕಲ್ಲಿನಲ್ಲಿ 10 ಪಾಲು ಸಂದು ಉಳಿದರೆ ದಪ್ಪ 33 ಅಡಿಗೆ ಇಳಿಯುತ್ತದೆ. ಸುಣ್ಣಗಲ್ಲು ಹಾಗಲ್ಲ, ಎಷ್ಟೋ ವೇಳೆ ಅದು ಬೇಗನೆ ಗಡುಸಾಗಿ ಅಷ್ಟು ಕುಗ್ಗುವುದಿಲ್ಲ. ಗಣಕಯಂತ್ರ ಈ ಲೆಕ್ಕವನ್ನು ಹಿಂದುಮುಂದಾಗಿ ನಡೆಸುತ್ತದೆ. ಮೇಲಿನ ಪದರವನ್ನು ತೆಗೆದು, ಕೆಳಗಿನದನ್ನು ಉಬ್ಬಿಸಿ, ತಳವನ್ನು ಎತ್ತಿ, ಬೋಗುಣಿ ಎಂದು ಎಷ್ಟು ಆಳವಿತ್ತೆಂದು ಹೇಳುತ್ತದೆ.

ಕುಗ್ಗುವಿಕೆಗೂ ಮಡಿಕೆಗೂ ನಂಟಿದೆ. ನೀರು ಸೋರಲು ದಾರಿಯಿಲ್ಲದೆ ಸಿಕ್ಕಿಕೊಂಡರೆ ಮೇಲಿನ ಭಾರವನ್ನು ಅದೇ ಹೊರುತ್ತದೆ. ಆಗ ಕಲ್ಲಿನ ಹಾಸು ಅಲ್ಪ ಇಳಿಜಾರಿನಲ್ಲೂ ಜಾರಬಲ್ಲದೆಂದು ಹಬರ್ಟ್ ಮತ್ತು ರೂಬಿ 1959ರಲ್ಲಿ ತೋರಿಸಿದರು. ಕಲಾದಗಿಯ ವಾದಕ್ಕೂ ಇದು ತಟ್ಟುತ್ತದೆ. ಬದಿಯಿಂದ ಬಂದ ಒತ್ತಡವೇ ಪದರಗಳನ್ನು ಮಡಿಚಿತೆಂಬುದು ಒಂದು ಪಕ್ಷ. ಓರೆಯಾದ ತಳದ ಮೇಲೆ ಅವು ತಮ್ಮ ಭಾರಕ್ಕೆ ತಾವೇ ಜಾರಿ ಮುದುಡಿದವೆಂಬುದು ಇತ್ತೀಚಿನ ಇನ್ನೊಂದು. ಎರಡನೆಯದು ನಿಜವಾದರೆ, ಭೂಖಂಡಗಳ ಘರ್ಷಣೆಯ ಕುರುಹೆಂದು ನಾವು ತಿಳಿದ ಮಡಿಕೆ ಬರಿಯ ಜಾರುವಿಕೆಯ ಗುರುತಾದೀತು. ಇಡೀ ಸೀಮೆಯ ಚರಿತ್ರೆಯನ್ನೇ ತಿದ್ದಬೇಕಾದೀತು.

ಯಂತ್ರವೊಂದರಿಂದಲೇ ಇದು ತೀರ್ಮಾನವಾಗದು. ಇಳಿಜಾರು, ಘರ್ಷಣೆ, ನೀರಿನ ಒತ್ತಡಗಳನ್ನು ಬೇಕಾದಂತೆ ಕೊಟ್ಟರೆ ಅದು ಎರಡು ಕಥೆಗಳನ್ನೂ ಸಾಧ್ಯವೆಂದೇ ಹೇಳೀತು. ಆದರೆ ಒಂದೊಂದು ಕಥೆಯೂ ಬೇರೆಬೇರೆ ಕುರುಹು ಬಿಟ್ಟಿರಬೇಕು: ಜಾರಿದ್ದರೆ ತಳದ ಬಂಡೆಗೂ ಮೇಲಿನ ಹಾಸಿಗೂ ನಡುವೆ ಉಜ್ಜಿದ ಗೀರು, ಒತ್ತಿದ್ದರೆ ತಳದ ಬಂಡೆಯಲ್ಲೂ ಅದೇ ಮಡಿಕೆ. ಎಲ್ಲಿ ಏನನ್ನು ಹುಡುಕಬೇಕೆಂದು ಲೆಕ್ಕ ತಿಳಿಸುತ್ತದೆ. ಹುಡುಕಲು ಫೂಟ್ ಸಾಹೇಬರ ಹಾಗೆ ಸುತ್ತಿಗೆ ಹಿಡಿದು ಬಿಸಿಲಿನಲ್ಲಿ ನಡೆಯಲೇಬೇಕು. ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ ಲೆಕ್ಕ ಪಾಟೀಸವಾಲು, ಸಾಕ್ಷಿ ಕಲ್ಲೇ. ಆ ಸಾಕ್ಷಿ ಬಾಗಲಕೋಟೆಯ ಬಯಲಿನಲ್ಲಿ ಇನ್ನೂ ನಿಂತಿದೆ, ಕೇಳುವವರು ಹೋಗಬೇಕು.