ಉಜ್ಜಿ ಹೋದ ಹೆಸರು: ಮುಂಬಯಿಯ ಹಳೆಯ ದೀಪಗಳ ಕಥೆ

ಕಳೆದ ವರ್ಷ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಮೂವತ್ತೆರಡು ವರ್ಷ ಬಾಳಿದ ಮನೆ ಖಾಲಿ ಮಾಡುವಾಗ ಅಟ್ಟದ ಮೂಲೆಯಲ್ಲಿ, ಹಳೆಯ ನೂಲಿನ ಸೀರೆಯಲ್ಲಿ ಸುತ್ತಿಟ್ಟಿದ್ದ ಎರಡು ಹಿತ್ತಾಳೆಯ ಕಾಲುದೀಪಗಳು ಸಿಕ್ಕಿದವು. ಅತ್ತೆಯವರು ಮದುವೆಯಾಗಿ ಬರುವಾಗ ಉಡುಪಿ ಕಡೆಯ ತಮ್ಮ ತವರಿನಿಂದ ತಂದ ಜೋಡಿ ಅದು. ಭಂಗಾರದವನು ತಕ್ಕಡಿ ತೆಗೆದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದ. ಮಗ, "ಅಮ್ಮ, ತೂತು ಕೊರೆಸಿ ಬಲ್ಬ್ ಕೂರಿಸಿದರೆ ಚಂದದ ಟೇಬಲ್ ಲ್ಯಾಂಪ್ ಆಗ್ತದೆ" ಎಂದ. ನಾನು ಎರಡಕ್ಕೂ ಒಪ್ಪಲಿಲ್ಲ. ಒಂದನ್ನು ಮಾತ್ರ ಪಾಲಿಶ್ ಮಾಡುವ ಅಂಗಡಿಗೆ ಕೊಟ್ಟು ಬಂದೆ.

ನಾಲ್ಕು ದಿನ ಬಿಟ್ಟು ತಂದಾಗ ಅದು ಚಿನ್ನದ ಹಾಗೆ ಹೊಳೆಯುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕಪ್ಪಾಗಿದ್ದ ದೀಪದ ಪೀಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಒಂದು ಹೆಸರಿತ್ತು. ಅದು ಅತ್ತೆಯವರ ತಾಯಿಯ ಹೆಸರು. ಹೊಳೆಯುವ ದೀಪದ ಮೇಲೆ ಅದೇ ಜಾಗ ನುಣ್ಣಗಾಗಿತ್ತು. ಯಂತ್ರದ ಚಕ್ರ ಹೆಸರನ್ನೂ ಉಜ್ಜಿ ತೆಗೆದಿತ್ತು. ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ. ಹೊಳಪು ಬೇಕು ಎಂದವಳು ನಾನೇ. ಹೆಸರು ಇದೆಯೇ ಎಂದು ತಿರುಗಿಸಿ ನೋಡದವಳೂ ನಾನೇ.

ಆ ಬೇಸರದಲ್ಲಿಯೇ ಹಳೆಯ ದೀಪಗಳ ಬಗ್ಗೆ ಓದತೊಡಗಿದೆ, ಕೇಳತೊಡಗಿದೆ. ನಾವು ಬದುಕುತ್ತಿರುವ ಈ ಮುಂಬಯಿಯೇ ದೀಪಗಳ ದೊಡ್ಡ ಇತಿಹಾಸ ಎಂಬುದು ಆಗ ತಿಳಿಯಿತು.

ಆ ಇತಿಹಾಸದ ಬಹಳ ಹಳೆಯ ಸಾಕ್ಷಿಯೊಂದು ಸಿಕ್ಕಿದ್ದು ನಮ್ಮ ಉಪನಗರ ಜೋಗೇಶ್ವರಿಯಲ್ಲಿ. ಲೋಕಲ್ ರೈಲಿನಲ್ಲಿ ದಿನವೂ ದಾಟುವ ಆ ಊರಿನ ಗುಹೆಗಳ ಬಳಿ ದೊರೆತ ಕಂಚಿನ ತೂಗುದೀಪ, ಈಗ ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿದೆ. ಆನೆ, ಅದರ ಮೇಲೆ ಸವಾರರು, ಮೇಲಕ್ಕೆ ಏರುವ ಸರಪಳಿ. ಸುಮಾರು ಸಾವಿರ ವರ್ಷ ಹಳೆಯದು. ನಮ್ಮ ಊರಿನ ದೇವಸ್ಥಾನಗಳ ತೂಗುದೀಪಗಳನ್ನು ಕಂಡವರಿಗೆ ಅದು ಅಪರಿಚಿತ ಅನ್ನಿಸುವುದಿಲ್ಲ. ಇಂಥ ದೀಪಗಳನ್ನು ಎರಕ ಹೊಯ್ಯುವ ಹಳೆಯ ವಿಧಾನ ಹೀಗೆ: ಮೊದಲು ಮೇಣದಲ್ಲಿ ಆಕಾರ ಮಾಡಿ, ಅದಕ್ಕೆ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಮೇಣವನ್ನು ಕರಗಿಸಿ ಹರಿಸಿ, ಆ ಖಾಲಿ ಜಾಗಕ್ಕೆ ಕಾದ ಲೋಹ ಹೊಯ್ಯುವುದು. ಲೋಹ ಆರಿದ ಮೇಲೆ ಅಚ್ಚನ್ನು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ದೀಪ. ಮಂಡ್ಯ ಜಿಲ್ಲೆಯ ನಾಗಮಂಗಲ ಈ ಲೋಹದ ಕೆಲಸಕ್ಕೆ ಇಂದಿಗೂ ಹೆಸರಾದ ಊರು.

ಮನೆ, ಗುಡಿಗಳಲ್ಲಿ ದೀಪ ಉರಿಯುತ್ತಿದ್ದರೂ ಬೀದಿ ಬಹುಕಾಲ ಕತ್ತಲೆಯದ್ದೇ ಆಗಿತ್ತು. 1840ರ ದಶಕದಲ್ಲಿ ಮುಂಬಯಿಯ ರಸ್ತೆಗಳಲ್ಲಿ ಬೆರಳೆಣಿಕೆಯ ಎಣ್ಣೆದೀಪಗಳು ಬಂದವು. 1865ರ ಅಕ್ಟೋಬರ್‌ನಲ್ಲಿ ಎಸ್‌ಪ್ಲನೇಡ್, ಚರ್ಚ್‌ಗೇಟ್ ರಸ್ತೆ ಮತ್ತು ಭೇಂಡಿ ಬಜಾರಿನಲ್ಲಿ ಮೊದಲ ಬಾರಿಗೆ ಗ್ಯಾಸ್ ದೀಪಗಳು ಹೊತ್ತಿಕೊಂಡವು. ದೀಪ ಹಚ್ಚುವವನು ಕಂಬದಿಂದ ಕಂಬಕ್ಕೆ ಹೋದಂತೆ ಜನ ಗುಂಪುಗೂಡಿ ಅವನ ಹಿಂದೆಯೇ ಹೋಗಿ ಬೆರಗಿನಿಂದ ನೋಡುತ್ತಿದ್ದರಂತೆ.

ಶ್ರೀಮಂತರ ಬಂಗಲೆಗಳಲ್ಲಿ ಬೇರೆಯದೇ ಬೆಳಕು. ಗಾಜಿನ ಲೋಲಕಗಳು ತೂಗುವ ಝುಂಬರ್‌ಗಳು, ಮೂರು ಸರಪಳಿಗಳಲ್ಲಿ ಇಳಿಬಿಟ್ಟ ಗಾಜಿನ ಹಂಡಿಗಳು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಲರ್ ಕಂಪನಿ ಭಾರತದ ರಾಜರಿಗೂ ವರ್ತಕರಿಗೂ ಝುಂಬರ್ ಮಾರಲೆಂದೇ ಕಲ್ಕತ್ತೆಯಲ್ಲಿ ಅಂಗಡಿ ಇಟ್ಟಿತ್ತು. ಆಗ ಝುಂಬರ್‌ಗೆ ಬಲ್ಬ್ ಇರಲಿಲ್ಲ, ಮೇಣದ ಬತ್ತಿಗಳೇ. ಗಾಜಿನ ಲೋಲಕಗಳು ಇದ್ದದ್ದು ಬರಿಯ ಅಂದಕ್ಕಲ್ಲ. ಒಂದು ಬತ್ತಿಯ ಬೆಳಕನ್ನು ಒಡೆದು ಹತ್ತು ದಿಕ್ಕಿಗೆ ಹಂಚುವುದು ಅವುಗಳ ಕೆಲಸ.

ಬಡವರ ಮತ್ತು ಮಧ್ಯಮ ವರ್ಗದವರ ಬಾಳನ್ನು ಬದಲಿಸಿದ್ದು ಸೀಮೆಎಣ್ಣೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಡಬ್ಬಗಳಲ್ಲಿ ಹಡಗಿನಿಂದ ಇಳಿಯತೊಡಗಿತು. ಅದರ ಕಥೆ ನಮ್ಮ ಮಾತಿನಲ್ಲಿಯೇ ಇದೆ. ಪರದೇಶದಿಂದ ಬಂದದ್ದಕ್ಕೆ ಅದು 'ಸೀಮೆ' ಎಣ್ಣೆ, ಸೀಮೆಸುಣ್ಣದ ಹಾಗೆ. ಕರಾವಳಿಯ ನಮಗೆ ಅದು ಚಿಮಿಣಿ ಎಣ್ಣೆ, ದೀಪದ ಗಾಜಿನ ಚಿಮಣಿಯಿಂದ ಬಂದ ಹೆಸರು. ನೆರೆಯ ಮರಾಠಿ ಬಾಯಿಯ 'ಘಾಸಲೇಟ್' ಎಂದರೆ ಗ್ಯಾಸ್‌ಲೈಟ್ ಸವೆದು ಉಳಿದ ರೂಪ. ಲಾಟೀನು, ಲಾಂದ್ರ ಇಂಗ್ಲಿಷಿನಿಂದ, ಕಂದೀಲು ಅರಬ್ಬಿಯಿಂದ. ಒಂದೊಂದು ದೀಪವೂ ತನ್ನ ಹೆಸರಿನ ಜೊತೆಗೇ ನಮ್ಮ ಮನೆಗೆ ಬಂತು.

ಸ್ವದೇಶಿ ಚಳವಳಿಯ ಕಾಲದಲ್ಲಿ ಲಾಟೀನಿನ ಗಾಜು ಕೂಡ ಇಲ್ಲಿಯೇ ಆಗಬೇಕೆಂಬ ಹಟ ಹುಟ್ಟಿತು. ತಳೇಗಾಂವದಲ್ಲಿ ಜನರಿಂದ ಪೈಸೆ ಪೈಸೆ ಕೂಡಿಸಿದ ನಿಧಿಯಿಂದ ಗಾಜಿನ ಕಾರ್ಖಾನೆ ಎದ್ದಿತು. ಕರಾಡದ ಹತ್ತಿರ ಓಗಲೆ ಸಹೋದರರ ಗಾಜಿನ ಕಾರ್ಖಾನೆಯಲ್ಲಿ ತಯಾರಾದ 'ಪ್ರಭಾಕರ ಕಂದೀಲು' ಮನೆಮನೆಯ ಹೆಸರಾಯಿತು. ಆ ಕಾರ್ಖಾನೆಯಿಂದಾಗಿ ಊರಿಗೇ ಓಗಲೇವಾಡಿ ಎಂಬ ಹೆಸರು ನಿಂತಿದೆ.

ಇನ್ನು ನಮ್ಮೂರಿನವರು ಮರೆಯಲಾರದ್ದು ಪೆಟ್ರೋಮ್ಯಾಕ್ಸ್. ಜರ್ಮನಿಯಲ್ಲಿ ಹುಟ್ಟಿದ ಈ ದೀಪದ ಜೀವ ಅದರೊಳಗಿನ ಮ್ಯಾಂಟಲ್, ಅಂದರೆ ಬಲೆಯಂಥ ಚೀಲ. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಕಂಡುಹಿಡಿದದ್ದು ಅದನ್ನೇ. ದೊಂದಿ, ದೀವಟಿಗೆಗಳ ಬೆಳಕಿನಲ್ಲಿ ನಡೆಯುತ್ತಿದ್ದ ಬಯಲಾಟಕ್ಕೆ ಈ 'ಗ್ಯಾಸ್‌ಲೈಟು' ಬಂದಾಗ ವೇಷದ ಬಣ್ಣವೇ ಬೇರೆಯಾಗಿ ಕಂಡಿರಬೇಕು. ಕೆಂಪು ಹಳದಿ ಉರಿಗೆಂದು ಬರೆದ ಮುಖವರ್ಣಿಕೆ ಬಿಳಿ ಬೆಳಕಿನಲ್ಲಿ ನಿಂತಿತು.

ಈ ಎಲ್ಲ ದೀಪಗಳನ್ನು ಉರಿಸಿದವರು ಯಾರು? ಬೀದಿದೀಪ ಹಚ್ಚುವವನಿಗೆ ಸಂಬಳವಿತ್ತು. ಮನೆಯ ದೀಪಕ್ಕೆ ಹೆಂಗಸರಿದ್ದರು. ಸೂರ್ಯ ಇಳಿಯುವ ಮೊದಲು ಲಾಟೀನಿನ ಗಾಜು ಬಿಚ್ಚಿ, ಬೂದಿ ಹಾಕಿ ಒರೆಸಿ, ಮಸಿ ತೆಗೆದು, ಬತ್ತಿಯ ಕರಿ ಕತ್ತರಿಸಿ, ಎಣ್ಣೆ ತುಂಬಬೇಕು. ಗಾಜಿನೊಳಗೆ ಗಂಡಸರ ಕೈ ಹೋಗುವುದಿಲ್ಲವೆಂದು ಆ ಕೆಲಸ ಹುಡುಗಿಯರ ಪಾಲಿಗೆ. ಗಾಜು ಒಡೆದರೆ ಬೈಗುಳವೂ ಅವರಿಗೇ. ಮಧ್ಯಾಹ್ನದ ಬಿಡುವಿನಲ್ಲಿ ಹತ್ತಿ ಹೊಸೆದು ಬತ್ತಿ ಮಾಡಬೇಕು, ವಾರಕ್ಕೊಮ್ಮೆ ಹುಣಸೆಹಣ್ಣಿನಲ್ಲಿ ಕಾಲುದೀಪ ಬೆಳಗಬೇಕು. ಗಿರಣಿ ಪ್ರದೇಶದ ಚಾಳಿನ ಹತ್ತು ಅಡಿ ಕೋಣೆಯಲ್ಲಿಯೂ ಇದು ತಪ್ಪಲಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ನಮ್ಮ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಹೊತ್ತಿನಲ್ಲಿ ಮನೆಗಳೊಳಗೆ ಗಾಜು ಒರೆಸುತ್ತಿದ್ದ ಹುಡುಗಿಯರ ಕಥೆಯನ್ನು ಬರೆದವರು ಕಡಿಮೆ.

ವಿದ್ಯುತ್ತು ಬಂದದ್ದು ನಿಧಾನವಾಗಿ. 1882ರಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ವಿದ್ಯುದ್ದೀಪ ಬೆಳಗಿತು, ಆದರೆ ಆ ಪ್ರಯತ್ನ ಬಹಳ ದಿನ ನಿಲ್ಲಲಿಲ್ಲ. ಅತ್ತ ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿಯಿತು. ಅದೇ 1905ರ ನವೆಂಬರಿನಲ್ಲಿ ಮುಂಬಯಿಯ ವಾಡಿ ಬಂದರಿನಲ್ಲಿ ಬೆಸ್ಟ್‌ನ ವಿದ್ಯುತ್ ಕೇಂದ್ರ ಆರಂಭವಾಯಿತು. 1915ರಲ್ಲಿ ಟಾಟಾದವರು ಖೋಪೋಲಿಯ ಜಲವಿದ್ಯುತ್ತನ್ನು ನಗರಕ್ಕೆ ತಂದರು. ಉಪನಗರಗಳಿಗೆಂದು ಪ್ರತ್ಯೇಕ ವಿದ್ಯುತ್ ಕಂಪನಿ ಹುಟ್ಟಿದ್ದು 1929ರಲ್ಲಿ.

ಸ್ವಿಚ್ಚು ಬಂದ ಮೇಲೆ ಗಾಜು ಒರೆಸುವ ಕೈಗಳಿಗೆ ಬಿಡುವು ಸಿಕ್ಕಿತು. ಅದು ದೊಡ್ಡ ಬಿಡುಗಡೆಯೇ. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನಂತೂ ಹೇಳಲಾರೆ. ಆದರೆ ದೀಪಗಳು ಅಟ್ಟ ಸೇರಿದವು, ಅಟ್ಟದಿಂದ ಭಂಗಾರಕ್ಕೆ, ಅಲ್ಲಿಂದ ಚೋರ್ ಬಜಾರಿಗೆ. ಚೋರ್ ಬಜಾರಿನ ಮಟನ್ ಸ್ಟ್ರೀಟ್ ಇರುವುದು ಭೇಂಡಿ ಬಜಾರಿನ ಮಗ್ಗುಲಲ್ಲೇ. ನಗರದ ಮೊದಲ ಗ್ಯಾಸ್ ದೀಪಗಳು ಉರಿದ ಪರಿಸರದಲ್ಲೇ ಇಂದು ಹಳೆಯ ದೀಪಗಳು ಮಾರಾಟಕ್ಕೆ ತೂಗುತ್ತಿವೆ.

ಅಲ್ಲಿ ಹೋದರೆ ಎರಡು ಮಾತು ನೆನಪಿರಲಿ. ಒಂದು, ಅಲ್ಲಿ ಬಣ್ಣದ ಗಾಜೆಲ್ಲ 'ಬೆಲ್ಜಿಯಂ'. ಎರಡು, ಹಳೆಯದಾಗಿ ಕಾಣುವುದೆಲ್ಲ ಹಳೆಯದಲ್ಲ. ಫಿರೋಜಾಬಾದಿನ ಗಾಜು, ಮುರಾದಾಬಾದಿನ ಹಿತ್ತಾಳೆ ಸೇರಿಸಿ, ರಾಸಾಯನಿಕ ಹಚ್ಚಿ ಕಪ್ಪು ಮಾಡಿದ ದೀಪಗಳೂ ಅಲ್ಲಿವೆ. ನಿಜವಾಗಿ ಬಳಸಿದ ತೂಗುದೀಪದಲ್ಲಿ ಕೊಂಡಿ ಉಜ್ಜುವ ಜಾಗವಷ್ಟೇ ಸವೆದಿರುತ್ತದೆ. ಒಳಸಂದಿಯಲ್ಲಿ ಎಣ್ಣೆಯ ಜಿಡ್ಡು ಗಟ್ಟಿಯಾಗಿರುತ್ತದೆ. ಹೊಸದರಲ್ಲಿ ಕಪ್ಪು ಎಲ್ಲ ಕಡೆ ಒಂದೇ ಸಮ. ಕೈಯಲ್ಲಿ ಊದಿದ ಗಾಜಿನೊಳಗೆ ಸಣ್ಣ ಗುಳ್ಳೆಗಳು ಕಾಣಬಹುದು. ಅಚ್ಚಿನ ಗಾಜಿಗೆ ಜೋಡಣೆಯ ಗೆರೆ ಇರುತ್ತದೆ.

ಹಾಗೆಂದು ಹೊಸದಾಗಿ ಮಾಡಿದ ದೀಪ ಕೀಳಲ್ಲ. ಕರಕುಶಲಿಗಳ ಕೈಗೆ ಕೆಲಸ ಉಳಿಯಬೇಕೆಂದು ಜೀವ ತೇದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿದ್ದವರು ಅವರು. ಹಳೆಯ ಮಾದರಿಯಲ್ಲಿ ಹೊಸ ದೀಪ ಮಾಡಿಸಿ, ಹೊಸದೆಂದೇ ಕೊಂಡರೆ ಕಂಚುಗಾರನ ವಿದ್ಯೆ ಉಳಿಯುತ್ತದೆ. ಹೊಸದನ್ನು ಹಳೆಯದೆಂದು ಮಾರುವುದಷ್ಟೇ ಮೋಸ.

ಹಳೆಯದನ್ನು ಹೇಗೆ ಉಳಿಸಿಕೊಳ್ಳಬೇಕೆಂಬುದಕ್ಕೆ ಮುಂಬಯಿಯಲ್ಲಿ ಒಳ್ಳೆಯ ಉದಾಹರಣೆಗಳಿವೆ. ಬೈಕುಳದಲ್ಲಿ ಇಂದು ಮಸೀನಾ ಆಸ್ಪತ್ರೆ ಇರುವ ಕಟ್ಟಡ ಒಂದು ಕಾಲದಲ್ಲಿ ಡೇವಿಡ್ ಸಾಸೂನರ 'ಸಾನ್ ಸೂಸಿ' ಬಂಗಲೆ. ಅಲ್ಲಿನ ಝುಂಬರ್‌ಗಳು ರಾಯಲ್ ಒಪೇರಾ ಹೌಸ್ ಸೇರಿದವು. 1911ರಲ್ಲಿ ಉದ್ಘಾಟನೆಗೊಂಡ ಆ ರಂಗಮಂದಿರ ವರ್ಷಗಟ್ಟಲೆ ಮುಚ್ಚಿತ್ತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರು ಜೀರ್ಣೋದ್ಧಾರ ಮಾಡಿದ ಮೇಲೆ 2016ರಲ್ಲಿ ಮತ್ತೆ ತೆರೆಯಿತು. ಮರೀನ್ ಡ್ರೈವ್‌ನದು ಇನ್ನೊಂದು ಪಾಠ. 2015ರಲ್ಲಿ ಅಲ್ಲಿನ ಹಳದಿ ದೀಪಗಳನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ 'ರಾಣಿಯ ಹಾರ' ಮಂಕಾಯಿತೆಂದು ಜನ ಎದ್ದು ನಿಂತರು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ ಹಳದಿ ಛಾಯೆಯ ಬೆಳಕೇ ಮರಳಿತು. ಕಂಬ ಒಂದೇ ಪರಂಪರೆಯಲ್ಲ, ಬೆಳಕಿನ ಬಣ್ಣವೂ ಪರಂಪರೆ ಎಂದು ನಗರವೇ ಹೇಳಿದಂತಾಯಿತು.

ನಮ್ಮ ಮನೆಗಳ ಮಟ್ಟಿಗೆ, ತಪ್ಪು ಮಾಡಿ ಕಲಿತವಳಾಗಿ ಹೇಳುತ್ತೇನೆ. ದೀಪಕ್ಕೆ ಕೈ ಹಚ್ಚುವ ಮೊದಲು ಎಲ್ಲ ಬದಿಯ ಫೋಟೋ ತೆಗೆಯಿರಿ. ಬಿಸಿನೀರು, ತೆಳು ಸಾಬೂನು, ಮೆತ್ತನೆಯ ಬ್ರಷ್ಷು ಸಾಕು. ಸಂದಿಯ ಜಿಡ್ಡಿಗೆ ಬಿದಿರಿನ ಕಡ್ಡಿ. ತೊಳೆದ ಮೇಲೆ ಪೂರ್ತಿ ಒಣಗಿಸಿ. ಯಂತ್ರದ ಪಾಲಿಶ್, ಆಸಿಡ್ ಬೇಡ. ಉರಿಸುವ ದೀಪಕ್ಕೆ ಲ್ಯಾಕರ್ ಹಚ್ಚಿಸಬೇಡಿ, ಕಾವಿಗೆ ಸುಟ್ಟು ಕಲೆಯಾಗುತ್ತದೆ. ತೂತು ಕೊರೆಸಬೇಡಿ; ಒಮ್ಮೆ ಕೊರೆದದ್ದು ಮತ್ತೆ ಮುಚ್ಚುವುದಿಲ್ಲ. ಝುಂಬರ್ ಇದ್ದವರು ಬಿಚ್ಚುವಾಗ ಒಂದೊಂದು ಲೋಲಕಕ್ಕೂ ನಂಬರ್ ಚೀಟಿ ಕಟ್ಟಿ; ಹಳೆಯ ವೈರು, ಕೊಂಡಿ, ಸರಪಳಿಗಳನ್ನು ತಿಳಿದವರಿಂದ ಪರೀಕ್ಷಿಸಿ.

ಮಕ್ಕಳು ಪರದೇಶದಲ್ಲಿರುವ ಮನೆಗಳಿಗೆ ಇನ್ನೊಂದು ಮಾತು. 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸಂಶಯವಿದ್ದರೆ, ಇದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ಅಮೆರಿಕದಲ್ಲಿರುವ ನನ್ನ ಮಗಳು ಜೋಡಿಯಲ್ಲಿ ಒಂದು ತನಗೆ ಬೇಕೆಂದಳು. ಅಜ್ಜಿಯ ತಾಯಿಯ ದೀಪಕ್ಕೆ ನೂರಾಯಿತೋ ಇಲ್ಲವೋ ಎಂದು ಹೇಳಬಲ್ಲವರು ಮನೆಯಲ್ಲಿ ಈಗ ಯಾರೂ ಉಳಿದಿಲ್ಲ. ಅತ್ತೆಯವರು ಇದ್ದಾಗ ಕೇಳಬೇಕಿತ್ತು, ಕೇಳಲಿಲ್ಲ.

ಸದ್ಯ ಎರಡೂ ದೀಪಗಳು ನಮ್ಮ ಬಾಡಿಗೆ ಮನೆಯ ದೇವರ ಮುಂದಿವೆ. ಸಂಜೆ ಎರಡನ್ನೂ ಹಚ್ಚುತ್ತೇನೆ. ಹೊಳೆಯುತ್ತಿದ್ದದ್ದೂ ಎಣ್ಣೆ ಕುಡಿದು ಕುಡಿದು ನಿಧಾನಕ್ಕೆ ಕಪ್ಪಾಗುತ್ತಿದೆ. ಹೆಸರು ಮಾತ್ರ ಮರಳಿ ಬರಲಾರದು. ಉಳಿದ ದೀಪದ ಹೆಸರನ್ನು ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ತೀಡಿ ಇಳಿಸಿಕೊಂಡು, ಅದರ ಕೆಳಗೆ ನನಗೆ ತಿಳಿದಷ್ಟನ್ನು ಬರೆದು ಮಗಳಿಗೆ ಕಳಿಸಿದ್ದೇನೆ. ಗೆಳತಿಯರೇ, ನಿಮ್ಮ ಅಟ್ಟದಲ್ಲಿಯೂ ಒಂದು ದೀಪ ಇರಬಹುದು. ಈ ದೀಪಾವಳಿಗೆ ಬೆಳಗುವ ಮೊದಲು ಒಮ್ಮೆ ತಿರುಗಿಸಿ ನೋಡಿ. ಮನೆಯಲ್ಲಿ ಹಿರಿಯರಿದ್ದರೆ, ಅದು ಯಾರ ಹೆಸರೆಂದು ಕೇಳಿ ಬರೆದಿಟ್ಟುಕೊಳ್ಳಿ.