ಹಿಡಿ ಉಪ್ಪು, ಹಿಡಿ ಗಾಂಜಾ

ನಮ್ಮ ಮುತ್ತಜ್ಜ ಅಂಕೋಲೆ ಕಡೆಯ ಉಪ್ಪಿನ ಆಗರದಲ್ಲಿ ಬೆನ್ನು ಸುಟ್ಟುಕೊಂಡವ. ಅವನ ಮಾತನ್ನು ಅಜ್ಜ ನನಗೆ ಹೇಳುತ್ತಿದ್ದ: "ತಮಾ, ನಾವೇ ಬಾಚಿದ ಉಪ್ಪು ಆಗರದಲ್ಲಿದ್ರೆ ಸರ್ಕಾರದ್ದು, ನಮ್ಮ ಕೈಲಿದ್ರೆ ಕಳ್ಳಮಾಲು." 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಆ ಕಾನೂನು ಮುರಿದರು. 1947ರಲ್ಲಿ ಉಪ್ಪಿನ ಸುಂಕವೂ ಹೋಯಿತು. ಬಡವನ ಮುಷ್ಟಿ ಬಿಚ್ಚಿಸಿ ನೋಡುವ ಕೈ ಮಾತ್ರ ಹೋಗಲಿಲ್ಲ. ಇವತ್ತು ಅದು ಗಾಂಜಾ ಹುಡುಕುತ್ತಿದೆ.

ಗೆಳೆಯರೇ, ಗಾಂಜಾ ಸೇದಿರಿ ಅಂತ ಹೇಳಲು ಬಂದವನಲ್ಲ ನಾನು. ಅಮಲು ನಮ್ಮ ಕೇರಿಗಳ ಎಷ್ಟು ಒಲೆ ಆರಿಸಿದೆ ಅಂತ ಗೊತ್ತು. ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ, 2025ರಲ್ಲಿ ತೀರಿಕೊಂಡ ಸುಕ್ರಿ ಬೊಮ್ಮಗೌಡ, ಸಾರಾಯಿ ವಿರುದ್ಧ ಹೋರಾಡಿದ್ದು ಸುಮ್ಮನೆ ಅಲ್ಲ. ನನ್ನ ಪ್ರಶ್ನೆ ಇಷ್ಟೇ: ಅಮಲಿನ ಲಾಭ ಯಾರಿಗೆ, ಜೈಲು ಯಾರಿಗೆ?

1862ರಲ್ಲಿ ಕಾರವಾರ, ಅಂಕೋಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. 1878ರ ಮುಂಬಯಿ ಅಬಕಾರಿ ಕಾಯಿದೆ ಹೆಂಡದ ಜೊತೆ ಗಾಂಜಾವನ್ನೂ ಹಿಡಿಯಿತು. ಪರವಾನಗಿ ಇದ್ದರೆ, ಸುಂಕ ಕಟ್ಟಿದರೆ ಅದು ವ್ಯಾಪಾರ, ಇಲ್ಲದಿದ್ದರೆ ಅಪರಾಧ. ಬ್ರಿಟಿಷರೇ 1893ರಲ್ಲಿ ಒಂದು ಆಯೋಗ ನೇಮಿಸಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದರು. ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ಪೂರ್ತಿ ನಿಷೇಧ ಬೇಡ, ಸುಂಕ ಹಾಕಿ ಹತೋಟಿಯಲ್ಲಿಡಿ ಎಂದಿತು ಆಯೋಗ. ಖಜಾನೆಗೂ ಅದೇ ಬೇಕಿತ್ತು.

1961ರ ವಿಶ್ವಸಂಸ್ಥೆಯ ಒಪ್ಪಂದ ಬಂತು. ಅದರ ಬೆನ್ನಿಗೆ 1985ರ ನವೆಂಬರ್ 14ರಿಂದ ನಮ್ಮ ದೇಶದ ಮಾದಕ ವಸ್ತು ಕಾಯಿದೆ, ಅಂದರೆ ಎನ್‌ಡಿಪಿಎಸ್. ಗಾಂಜಾ ಇಟ್ಟುಕೊಂಡವನಿಗೆ 5 ವರ್ಷದವರೆಗೆ ಕಠಿಣ ಸಜೆ. "ಸ್ವಲ್ಪವೇ ಇತ್ತು, ನನಗೇ ಇತ್ತು, ಮಾರಲಿಕ್ಕಲ್ಲ" ಎಂದು ಸಾಬೀತು ಮಾಡುವ ಹೊರೆ ಆಗ ಹಿಡಿದವರ ಮೇಲಲ್ಲ, ಸಿಕ್ಕಿಬಿದ್ದವನ ತಲೆ ಮೇಲಿತ್ತು. ಹೆಬ್ಬೆಟ್ಟು ಒತ್ತುವವನು ಏನು ಸಾಬೀತು ಮಾಡ್ತಾನೆ?

2001ರಲ್ಲಿ ಕಾನೂನು ತಕ್ಕಡಿ ಹಿಡಿಯಿತು. ಒಂದು ಕಿಲೋಗಿಂತ ಕಡಿಮೆಯಿದ್ದರೆ ಸಣ್ಣ ಪ್ರಮಾಣ: ಆಗ 6 ತಿಂಗಳು, 2014ರ ತಿದ್ದುಪಡಿಯಿಂದ ಒಂದು ವರ್ಷದವರೆಗೆ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ಮೀರಿದರೆ ಅದು ವಾಣಿಜ್ಯ ಪ್ರಮಾಣ: 10ರಿಂದ 20 ವರ್ಷ, ಕನಿಷ್ಠ ಒಂದು ಲಕ್ಷ ದಂಡ. ನಡುವಿನದಕ್ಕೆ 10 ವರ್ಷದವರೆಗೆ. ಹೂವಿನ ತೆನೆಯಿದ್ದರೆ ಗಾಂಜಾ. ಬರೀ ಎಲೆ, ಬೀಜ ಗಾಂಜಾ ಅಲ್ಲ. ಭಂಗಿ ಈ ಕಾಯಿದೆಯೊಳಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿತು.

ತಕ್ಕಡಿ ಮಾಲನ್ನು ತೂಗುತ್ತದೆ, ಸರಿ. ಯಾರ ಜೇಬು ತಡಕಬೇಕು ಎಂಬುದನ್ನು ತೂಗುವವರು ಯಾರು? ಅಮೆರಿಕದಲ್ಲಿ 2010ರ ಲೆಕ್ಕ ನೋಡಿ: ಬಿಳಿಯರೂ ಕರಿಯರೂ ಹೆಚ್ಚುಕಡಿಮೆ ಅಷ್ಟೇ ಸೇದುತ್ತಿದ್ದರೂ ಗಾಂಜಾ ಇಟ್ಟುಕೊಂಡ ಆರೋಪದ ಮೇಲೆ ಬಂಧನಕ್ಕೆ ಒಳಗಾಗುವ ಸಂಭವ ಕರಿಯರಿಗೆ ಸುಮಾರು 3.7 ಪಟ್ಟು ಹೆಚ್ಚು. ಕೊಲೊರಾಡೋದ ಮತದಾರರು 2012ರಲ್ಲಿ ಅದನ್ನು ಕಾನೂನುಬದ್ಧ ಮಾಡಿದರು, 2014ರಲ್ಲಿ ಅಂಗಡಿಗಳೇ ತೆರೆದವು. ನಿನ್ನೆಯ ಅಪರಾಧ ಇವತ್ತು ಬಂಡವಾಳ.

ಗಂಗಾವಳಿ ದಾಟಿದರೆ ಗೋಕರ್ಣ. ಅಲ್ಲಿ ಬೈರಾಗಿಯ ಚಿಲುಮೆ ಭಕ್ತಿ, ಪ್ರವಾಸಿಯ ಚಿಲುಮೆ ಮೋಜು. ನಮ್ಮ ಕೇರಿಯ ಹುಡುಗನ ಕೈಯ ಪೊಟ್ಟಣ ಮಾತ್ರ ಅವನ ಜಾತಿಗೇ ಅಂಟುವ ಕಲೆ. ಕಾನೂನಿನ ಪುಸ್ತಕದಲ್ಲಿ ಮೂವರೂ ಒಂದೇ.

ಅದಕ್ಕೇ ಊರೂರಿನ ಮೇಷ್ಟ್ರುಗಳು, ಓದುವ ಹುಡುಗರು ಇಷ್ಟಾದರೂ ಕೇರಿಗೆ ತಿಳಿಸಬೇಕು. ಮೈ ತಪಾಸಣೆಯಾಗುವಾಗ ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಮುಂದೆಯೇ ಆಗಲಿ ಎಂದು ಕೇಳುವ ಹಕ್ಕು 50ನೇ ಕಲಮಿನಲ್ಲಿದೆ. ಚಟದಿಂದ ಬಿಡಿಸಿಕೊಳ್ಳಲು ತಾನಾಗಿ ಚಿಕಿತ್ಸೆಗೆ ಹೋಗುವವನಿಗೆ ಸಣ್ಣ ಪ್ರಮಾಣದ ಕೇಸಿನಲ್ಲಿ 64ಎ ಕಲಮಿನ ರಕ್ಷಣೆಯಿದೆ. ಪರಿಶಿಷ್ಟರಿಗೆ, ಹೆಂಗಸರಿಗೆ, ಬಂಧನದಲ್ಲಿರುವ ಯಾರಿಗೇ ಆದರೂ 1987ರ ಕಾಯಿದೆಯಂತೆ ಉಚಿತ ವಕೀಲರ ನೆರವಿದೆ.

ಮುತ್ತಜ್ಜನಿಗೆ ಕಾನೂನು ಓದಲು ಬರುತ್ತಿರಲಿಲ್ಲ. ನಮಗೆ ಬರುತ್ತದೆ. ಓದಿ ಹೇಳೋಣ, ಜೋರಾಗಿ.