ಸಿಬೆಲಿಯಸ್: ಮರಣೋತ್ತರ ಖ್ಯಾತಿ ಮತ್ತು ವಿದೇಶಿ ಪತ್ರಿಕೆಗಳು

ಫಿನ್ಲೆಂಡಿನ ಸಂಗೀತ ರಚನಕಾರ ಯಾನ್ ಸಿಬೆಲಿಯಸ್ (1865–1957) ತೀರಿಕೊಂಡದ್ದು 1957ರ ಸೆಪ್ಟೆಂಬರ್ 20ರಂದು. ಅಂದು ಸಂಜೆಯೇ ಹೆಲ್ಸಿಂಕಿಯಲ್ಲಿ ಇಂಗ್ಲೆಂಡಿನ ಮಾಲ್ಕಮ್ ಸಾರ್ಜೆಂಟ್ ನಿರ್ದೇಶನದಲ್ಲಿ ಈತನ ಐದನೆಯ ಸಿಂಫನಿಯ ಕಛೇರಿ ನಡೆದಿತ್ತು. ಈ ಕಾಕತಾಳೀಯವನ್ನು ಬರಹಗಾರರು ಮತ್ತೆ ಮತ್ತೆ ನೆನೆದಿದ್ದಾರೆ. ಆದರೆ ಖ್ಯಾತಿಯ ಏರಿಳಿತ ಅರಿಯಲು ಶ್ರದ್ಧಾಂಜಲಿಗಳನ್ನು ಅಷ್ಟಾಗಿ ನೆಚ್ಚುವಂತಿಲ್ಲ. 1926ರ ‘ಟಾಪಿಯೋಲಾ’ದ ನಂತರ ಈತ ದೊಡ್ಡ ಕೃತಿ ಯಾವುದನ್ನೂ ಹೊರತರಲಿಲ್ಲ. ಎಂಟನೆಯ ಸಿಂಫನಿಯ ಹಸ್ತಪ್ರತಿಯನ್ನು 1940ರ ದಶಕದಲ್ಲಿ ಸುಟ್ಟನೆಂದು ನಂಬಲಾಗಿದೆ. ಹೀಗಾಗಿ ಪತ್ರಿಕೆಗಳು ಬೀಳ್ಕೊಟ್ಟದ್ದು ಮೂವತ್ತು ವರ್ಷಗಳಿಂದ ಮೌನವಾಗಿದ್ದವನನ್ನು.

ಪರ–ವಿರೋಧ: ವಾಗ್ವಾದ ಸಿಬೆಲಿಯಸ್ ಬದುಕಿದ್ದಾಗಲೇ ಶುರುವಾಗಿತ್ತು. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ 1924ರಿಂದ 1955ರವರೆಗೆ ವಿಮರ್ಶಕನಾಗಿದ್ದ ಓಲಿನ್ ಡೌನ್ಸ್ ಈತನ ಅತ್ಯುತ್ಸಾಹಿ ಪಕ್ಷಪಾತಿ. ಬ್ರಿಟನ್ನಿನಲ್ಲಿ ಸೆಸಿಲ್ ಗ್ರೇ (1931), ಕಾನ್ಸ್ಟಂಟ್ ಲ್ಯಾಂಬರ್ಟ್ (1934) ತಮ್ಮ ಪುಸ್ತಕಗಳಲ್ಲಿ ಈತನನ್ನು ಮುಂದಿನ ಸಂಗೀತಕ್ಕೆ ದಾರಿ ತೋರಬಲ್ಲವನೆಂದೇ ಬಗೆದರು. 1940ರಲ್ಲಿ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಸೇರಿದ ವರ್ಜಿಲ್ ಥಾಮ್ಸನ್ ಮೊದಲ ವಿಮರ್ಶೆಯಲ್ಲೇ ಎರಡನೆಯ ಸಿಂಫನಿಯನ್ನು ಗ್ರಾಮ್ಯವೆಂದು ಜರೆದ. ಸ್ವತಃ ರಚನಕಾರನಾದ ಅವನ ಒಲವು ಪ್ಯಾರಿಸ್ ಕಡೆಗಿತ್ತೆಂಬುದನ್ನೂ ಗಮನಿಸಬೇಕು. ಜರ್ಮನ್ ಚಿಂತಕ ಅಡೋರ್ನೊನ ಕಟು ಟಿಪ್ಪಣಿ ಬಂದದ್ದು 1938ರಲ್ಲಿ, ವಿದ್ವಾಂಸರಷ್ಟೇ ಓದುತ್ತಿದ್ದ ಸಂಶೋಧನ ಪತ್ರಿಕೆಯೊಂದರಲ್ಲಿ. 1968ರಲ್ಲಿ ಅವನ ಪ್ರಬಂಧ ಸಂಕಲನಕ್ಕೆ ಸೇರಿದ ಮೇಲೆ ಅದು ಇನ್ನೂ ಹೆಚ್ಚು ಓದುಗರ ಕೈಗೆಟುಕಿತು. ತಿರಸ್ಕಾರದ ಈ ಬರಹ ಸಿಬೆಲಿಯಸ್‌ನ ಮರಣಾನಂತರವೇ ಹೆಚ್ಚು ಬಲಗೊಂಡಿತೆಂದು ತೋರುತ್ತದೆ. 1955ರಲ್ಲಿ, ಸಿಬೆಲಿಯಸ್‌ಗೆ ತೊಂಬತ್ತು ತುಂಬಿದ ಹೊತ್ತಿಗೆ, ರನೆ ಲೈಬೊವಿಟ್ಸ್ ಫ್ರೆಂಚಿನಲ್ಲಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ ಶೀರ್ಷಿಕೆಯಲ್ಲೇ ಈತನನ್ನು ಜಗತ್ತಿನ ಅತಿ ಕೆಟ್ಟ ರಚನಕಾರನೆಂದು ಕರೆದ. ನವ್ಯ ರಚನಕಾರ ಶೋನ್‌ಬರ್ಗ್‌ನ ಪಂಥದವನಿಗೆ ಅದು ಸಹಜ. ವಾದಕ್ಕಿಂತ ಶೀರ್ಷಿಕೆಯೇ ಹೆಚ್ಚು ಉಲ್ಲೇಖಗೊಂಡಿದೆ.

ಮರುಮೌಲ್ಯಮಾಪನ: ಮರಣಾನಂತರದ ಪಲ್ಲಟಕ್ಕೆ ಅಂಕಣಗಳಿಗಿಂತ ಎಲ್‌ಪಿ ತಟ್ಟೆಗಳೇ ಹೆಚ್ಚು ಕಾರಣವೆನ್ನಬಹುದು. 1960ರ ದಶಕದಲ್ಲಿ ವಾದ್ಯವೃಂದ ನಿರ್ದೇಶಕರಾದ ಬರ್ನ್‌ಸ್ಟೈನ್ ನ್ಯೂಯಾರ್ಕಿನಲ್ಲಿಯೂ ಲೋರಿನ್ ಮಾಜೆಲ್ ವಿಯೆನ್ನಾ ಫಿಲ್‌ಹಾರ್ಮೊನಿಕ್‌ನೊಂದಿಗೂ ಏಳೂ ಸಿಂಫನಿಗಳನ್ನು ಧ್ವನಿಮುದ್ರಿಸಿದರು. ಕರಾಯನ್ ಬರ್ಲಿನ್ ಫಿಲ್‌ಹಾರ್ಮೊನಿಕ್‌ನೊಂದಿಗೆ ಹಲವನ್ನು ಮುದ್ರಿಸಿದ. ಸಿಬೆಲಿಯಸ್‌ನನ್ನು ಅಷ್ಟಾಗಿ ಲೆಕ್ಕಕ್ಕಿಡದ ಜರ್ಮನ್ ಭಾಷಿಕ ವಲಯದ ಎರಡು ಪ್ರಮುಖ ವಾದ್ಯವೃಂದಗಳೇ ನುಡಿಸಿದ ಮೇಲೆ ವಿಮರ್ಶಕರು ಸಿಂಫನಿಗಳಿಗೆ ಮತ್ತೆ ಕಿವಿಗೊಡಲೇಬೇಕಾಯಿತು. 1984ರಲ್ಲಿ ನವ್ಯರ ನೆಲೆಯಾದ ಡಾರ್ಮ್‌ಸ್ಟಾಟ್‌ನ ಉಪನ್ಯಾಸದಲ್ಲಿ ಅಮೆರಿಕದ ರಚನಕಾರ ಮಾರ್ಟನ್ ಫೆಲ್ಡ್‌ಮನ್ ಐದನೆಯ ಸಿಂಫನಿಯನ್ನು ಗುನುಗಿದ್ದು ನವ್ಯರ ನಿಲುವು ಸಡಿಲಗೊಂಡುದಕ್ಕೆ ಸಾಕ್ಷ್ಯವೆಂದು ಪರಿಗಣಿತ. 2011ರಲ್ಲಿ ಎಂಟನೆಯ ಸಿಂಫನಿಯದೆಂದು ಊಹಿಸಲಾದ ಕೆಲ ನಿಮಿಷಗಳ ತುಣುಕುಗಳನ್ನು ಹೆಲ್ಸಿಂಕಿಯಲ್ಲಿ ನುಡಿಸಲಾಯಿತು. ಲೈಬೊವಿಟ್ಸ್ ಜರೆದಿದ್ದ ಫ್ರೆಂಚಿನಲ್ಲೇ ವಿಸ್ತೃತ ಜೀವನಚರಿತ್ರೆ ಬಂದದ್ದು 2004ರಲ್ಲಿ, ಮಾರ್ಕ್ ವಿನ್ಯಾಲ್‌ನಿಂದ.